ಬಿದ್ದ ಮೋಟಾರು ಸೈಕಲ್ಲನ್ನು ಎತ್ತುವುದು

ಈ ಹೊತ್ತು ನಾನು ಮಾತನಾಡಲು ಒಪ್ಪಿಕೊಂಡಿರುವ ವಿಷಯ ಬಹು ಘನವಾದುದು. ಅದರ ತೂಕ 195 ಕಿಲೋಗ್ರಾಂ. ವೇದಾಂತವನ್ನೋ ಕಾವ್ಯಮೀಮಾಂಸೆಯನ್ನೋ ನಿರೀಕ್ಷಿಸಿ ಕುಳಿತಿರುವ ಶ್ರೋತೃಗಳು ಕ್ಷಮಿಸಬೇಕು. ನೆಲಕ್ಕುರುಳಿದ ಮೋಟಾರು ಸೈಕಲ್ಲನ್ನು ಒಬ್ಬ ಮನುಷ್ಯನು ತನ್ನ ಬೆನ್ನಿಗೂ ಮಾನಕ್ಕೂ ಹಾನಿ ತಂದುಕೊಳ್ಳದೆ ಎತ್ತಿ ನಿಲ್ಲಿಸುವುದು ಹೇಗೆ ಎಂಬುದಷ್ಟೇ ನನ್ನ ವಿಷಯ. ಇದನ್ನು ಹೇಳಲು ನನಗಿರುವ ಅಧಿಕಾರವೆಂದರೆ, ಈ ಎರಡಕ್ಕೂ ಹಾನಿ ತಂದುಕೊಂಡವನು ನಾನು ಎಂಬುದೇ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕ. ಸನ್ನೆಯ ತತ್ತ್ವವನ್ನೂ, ಗುರುತ್ವಕೇಂದ್ರದ ಲಕ್ಷಣವನ್ನೂ, ಸ್ಥಿರ ಸಮತೋಲ ಅಸ್ಥಿರ ಸಮತೋಲಗಳ ಭೇದವನ್ನೂ ಹದಿನೆಂಟು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತ ಅಳಿಸುತ್ತ ಬಂದಿದ್ದೇನೆ. ಅಷ್ಟು ಸಲ ಬರೆದುದು ಒಂದು ಸಲವಾದರೂ ನನ್ನ ಕೈಕಾಲುಗಳಿಗೆ ಇಳಿದಿರಬೇಕಾಗಿತ್ತು. ಇಳಿದಿರಲಿಲ್ಲ.

ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇನೆ. ಎರಡು ವರ್ಷಗಳ ಹಿಂದೆ, ಆಷಾಢದ ಒಂದು ಬೆಳಿಗ್ಗೆ, ಮೈಸೂರಿನಲ್ಲಿ ಸೋನೆ ಹಿಡಿದಿತ್ತು. ಕಾಲೇಜಿನ ಹೆಬ್ಬಾಗಿಲ ಬಳಿ ಒಂದು ಹಳೆಯ ಮಳೆಮರವುಂಟು. ಅದರ ಎಲೆಗಳು ನೆನೆದು ನೆಲದ ಮೇಲೆ ಲೋಳೆಯಂತೆ ಹರಡಿದ್ದುವು. ಒಳಗಿನಿಂದ ಬರುತ್ತಿದ್ದ ಬಸ್ಸಿಗೆ ದಾರಿ ಬಿಡಲೆಂದು ನಾನು ನನ್ನ ಬುಲೆಟ್ಟನ್ನು ನಿಲ್ಲಿಸಿದೆನು. ನಿಲ್ಲಿಸಿದೆನು ಎಂಬುದು ಪೂರ್ತಿ ನಿಜವಲ್ಲ. ನಿಲ್ಲಿಸುವುದಕ್ಕಾಗಿ ಎಡಗಾಲನ್ನು ಊರಿದೆನು, ಕಾಲು ಜಾರಿತು. ವಾಹನವು ನಾಲ್ಕು ಬೆರಳಷ್ಟು ವಾಲಿತು, ಹಿಡಿಯಬಹುದು ಎಂದುಕೊಂಡೆನು. ಇನ್ನೂ ನಾಲ್ಕು ಬೆರಳು ವಾಲಿತು, ಹಿಡಿದೇ ಇದ್ದೆನು. ಆಮೇಲೆ ಅದು ನನ್ನ ಅಭಿಪ್ರಾಯವನ್ನು ಕೇಳಲಿಲ್ಲ.

ಮೋಟಾರು ಸೈಕಲ್ಲು ಬೀಳುವುದು ವೇಗವಾಗಿ ಓಡುವಾಗ ಎಂದು ಅದನ್ನು ಏರದವರ ನಂಬಿಕೆ. ಓಡುವಾಗ ಬಿದ್ದರೆ ಕೇಡು ದೊಡ್ಡದು, ಅದು ಬೇರೆ ಮಾತು. ಆದರೆ ಓಡುವ ಗಾಡಿಯು ತನ್ನನ್ನು ತಾನು ಬಹುಮಟ್ಟಿಗೆ ನೆಟ್ಟಗೆ ಇಟ್ಟುಕೊಳ್ಳುತ್ತದೆ. ವಾಲಿದ ಕಡೆಗೆ ಮುಂಗಾಲಿ ತಾನಾಗಿಯೇ ತಿರುಗಿ ಅದನ್ನು ಎತ್ತಿಕೊಳ್ಳುತ್ತದೆ. ನಿಂತ ಗಾಡಿಗೆ ಈ ಉಪಕಾರವಿಲ್ಲ. ಎರಡು ಬಿಂದುಗಳ ಮೇಲೆ ನಿಂತ ಈ ಭಾರಕ್ಕೆ ಮೂರನೆಯ ಬಿಂದು ಎಂದರೆ ಸವಾರನ ಕಾಲೊಂದೇ. ಆದುದರಿಂದ ದೊಡ್ಡ ಮೋಟಾರು ಸೈಕಲ್ಲುಗಳು ಹೆಚ್ಚಾಗಿ ಉರುಳುವುದು ಮನೆಯ ಅಂಗಳದಲ್ಲಿ, ಪೆಟ್ರೋಲು ಬಂಕಿನಲ್ಲಿ, ಹಿಂದಕ್ಕೂ ಮುಂದಕ್ಕೂ ತಳ್ಳಿ ತಿರುಗಿಸುವಾಗ, ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಊರುಗೋಲು ಹೂತುಹೋದಾಗ. 1885ರಲ್ಲಿ ಜರ್ಮನಿಯ ಕಾನ್‌ಸ್ಟಾಟ್ಟಿನಲ್ಲಿ ಡೈಮ್ಲರ್ ಮತ್ತು ಮೇಬಾಖ್ ಎಂಬವರು ಪೆಟ್ರೋಲಿನಿಂದ ಓಡುವ ಮೊದಲ ದ್ವಿಚಕ್ರಿಯನ್ನು ಕಟ್ಟಿದಾಗ, ಅದರ ಇಕ್ಕೆಲಗಳಲ್ಲಿ ಎರಡು ಪುಟ್ಟ ಗಾಲಿಗಳನ್ನೂ ಇಟ್ಟಿದ್ದರು. ಮಕ್ಕಳ ಸೈಕಲ್ಲಿಗೆ ಇಡುವಂತೆ. ಅನಂತರ ಬಂದವರು ಅವನ್ನು ತೆಗೆದುಹಾಕಿದರು. ಅಂದಿನಿಂದ ಆ ಗಾಲಿಗಳ ಕೆಲಸ ನಮ್ಮ ಕಾಲುಗಳಿಗೆ ಬಂದಿದೆ.

ಗಾಡಿ ಬಿದ್ದಿತು, ನಾನು ಪಕ್ಕಕ್ಕೆ ಹಾರಿ ಉಳಿದೆನು. ಎದ್ದು ಮೊದಲು ಮಾಡಿದ ಕೆಲಸವನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ: ಯಾರು ಯಾರು ನೋಡಿದರು ಎಂದು ಸುತ್ತಲೂ ನೋಡಿದೆನು. ಎಂಜಿನ್ನು ಇನ್ನೂ ಗುಡುಗುಟ್ಟುತ್ತಿತ್ತು, ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಅವುಗಳ ಕಡೆ ನನ್ನ ಗಮನವಿಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ತೋರಿಸಬೇಕೆಂಬ ಒಂದೇ ಆತುರ. ಎದುರಿಗೆ ಅರ್ಜುನನು ಬಿಲ್ಲು ಹಿಡಿದು ನಿಂತಿದ್ದಾಗ ಕರ್ಣನು ರಥದ ಗಾಲಿಯನ್ನು ಎತ್ತಲು ಅವಸರಪಟ್ಟುದಕ್ಕೆ ಕಾರಣವಿತ್ತು. ನನ್ನ ಎದುರಿಗಿದ್ದವರು ಎರಡನೆಯ ಸೆಮಿಸ್ಟರಿನ ಹುಡುಗರು. ಆದರೂ ನಾನು ಗಾಡಿಗೆ ಮುಖಮಾಡಿ ನಿಂತು, ಸೊಂಟವನ್ನು ಬಗ್ಗಿಸಿ, ಎರಡು ಕೈಗಳಿಂದಲೂ ಹಿಡಿಯನ್ನು ಹಿಡಿದು, ಉಸಿರು ಕಟ್ಟಿ ಸೆಳೆದೆನು. ಒಂದು ಗೇಣು ಎದ್ದಿತು, ಎಲೆಗಳ ಮೇಲೆ ಗಾಲಿ ಜಾರಿತು, ಮತ್ತೆ ಬಿದ್ದಿತು. ಎರಡನೆಯ ಸಲ ಇನ್ನೂ ಜೋರಾಗಿ, ಮೈಯನ್ನು ತುಸು ಓರೆಯಾಗಿ ತಿರುಚಿ ಸೆಳೆದೆನು. ನನ್ನ ಸೊಂಟದಲ್ಲಿ, ಒಣಗಿದ ಹುರಿ ಕಿತ್ತುಹೋದಂತೆ, ಏನೋ ಆಯಿತು. ಹುಡುಗರು ಓಡಿಬಂದರು, ನಾಲ್ವರು ಸೇರಿ ಒಂದು ಕ್ಷಣದಲ್ಲಿ ಗಾಡಿಯನ್ನು ನಿಲ್ಲಿಸಿದರು. ನನ್ನನ್ನು ನಿಲ್ಲಿಸಲು ಅವರಿಗೆ ಹೆಚ್ಚು ಹೊತ್ತು ಹಿಡಿಯಿತು.

ವೈದ್ಯರು ಆರು ವಾರ ಬಗ್ಗಕೂಡದು, ಭಾರವನ್ನು ಮುಟ್ಟಕೂಡದು ಎಂದರು. ಅದರಲ್ಲಿ ಒಂಬತ್ತನೆಯ ರಾತ್ರಿಯ ಸಂಗತಿ ಇದು. ನನ್ನ ತಂದೆಗೆ ಆಗ ಎಪ್ಪತ್ತಾರು ವರ್ಷ. ರಾತ್ರಿ ಎರಡು ಗಂಟೆಯ ಸಮಯದಲ್ಲಿ ಬಚ್ಚಲಿಗೆಂದು ಎದ್ದವರು ಮಂಚಕ್ಕೂ ಬಾಗಿಲಿಗೂ ನಡುವೆ ಬಿದ್ದರು. ಪಕ್ಕದ ಕೋಣೆಯಲ್ಲಿ ಮಲಗಿದ್ದ ನನಗೆ ಶಬ್ದ ಕೇಳಿಸಿತು. ಅವರು ನನ್ನ ಹೆಸರು ಹಿಡಿದು ಕೂಗಿದುದೂ ಕೇಳಿಸಿತು. ಗೋಡೆ ಹಿಡಿದು ಬಾಗಿಲ ತನಕ ಹೋಗಿ ನಿಂತೆನು, ಅಷ್ಟೇ ನನ್ನಿಂದಾದುದು. ನನ್ನ ಹೆಂಡತಿ ಒಬ್ಬಳಿಂದ ಆಗದೆ, ನೆರೆಮನೆಯ ಹುಡುಗನನ್ನು ಎಬ್ಬಿಸಿ ತಂದು, ಅವರಿಬ್ಬರೂ ಕೂಡಿ ತಂದೆಯನ್ನು ಮಂಚಕ್ಕೆ ಸೇರಿಸಿದರು. ನೆಲದ ಮೇಲಿಂದ ಅವರು ನನ್ನನ್ನು ನೋಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಅವರನ್ನು ನೋಡುತ್ತಿದ್ದೆನು. ದೇವರ ದಯದಿಂದ ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಹೆಬ್ಬಾಗಿಲಲ್ಲಿ ಅರ್ಧ ನಿಮಿಷದ ನಾಚಿಕೆಗಾಗಿ ನಾನು ಕೊಟ್ಟ ಬೆಲೆ ಎಷ್ಟೆಂಬುದು ನನಗೆ ಗೊತ್ತಾದುದು ಆ ಹೊತ್ತಿನಲ್ಲಿ.

ಬೆನ್ನು ನೆಟ್ಟಗಾದ ಮೇಲೆ, ಗಾಡಿಯ ಬಾಗಿದ ಹಿಡಿಯನ್ನು ಸರಿಮಾಡಿಸಲು ನಮ್ಮ ಬಡಾವಣೆಯ ಹಳೆಯ ಮೆಕ್ಯಾನಿಕ್ಕಿನ ಬಳಿಗೆ ಹೋದೆನು. ಮೈಸೂರಿನಲ್ಲಿ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿಹೋದ ಜಾವ ಕಾರ್ಖಾನೆಯನ್ನು ಶ್ರೋತೃಗಳಲ್ಲಿ ಅನೇಕರು ಬಲ್ಲರು. ಆಮೇಲಾಮೇಲೆ ಅಲ್ಲಿನ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. ಒದ್ದು ಚಾಲೂ ಮಾಡುವ ಸಲಾಕೆಯೇ ಅದರಲ್ಲಿ ಗೇರು ಬದಲಾಯಿಸುವ ಸಲಾಕೆಯೂ ಆಗಿದ್ದಿತು. ಈ ಮನುಷ್ಯನು ತನ್ನ ತಾರುಣ್ಯದಲ್ಲಿ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ಆಳು ಗಿಡ್ಡ, ತೂಕ ಐವತ್ತೈದು ಕಿಲೋಗ್ರಾಂ ಇದ್ದರೆ ಹೆಚ್ಚು. ನನ್ನ ಕಥೆಯನ್ನು ಕೇಳಿ ಅವನು ನಗಲಿಲ್ಲ. ಒಂದು ಗೋಣಿಚೀಲವನ್ನು ನೆಲಕ್ಕೆ ಹಾಸಿ, ನನ್ನ ಬುಲೆಟ್ಟನ್ನು ಮಗುವನ್ನು ಮಲಗಿಸಿದಂತೆ ಅದರ ಮೇಲೆ ಮಲಗಿಸಿ, “ಈಗ ನೋಡಿ ಸ್ವಾಮಿ” ಎಂದು ಅದಕ್ಕೆ ಬೆನ್ನು ತಿರುಗಿಸಿ ಕುಳಿತನು. ಮುಂದಿನ ಕ್ಷಣದಲ್ಲಿ ಅವನು ಹಿಂದುಹಿಂದಕ್ಕೆ ನಡೆಯುತ್ತಿದ್ದನು, ಗಾಡಿ ಮೇಲಕ್ಕೇಳುತ್ತಿತ್ತು. ಅವನ ಮುಖದಲ್ಲಿ ಒಂದು ನರವೂ ಉಬ್ಬಲಿಲ್ಲ.

ಅವನು ಮಾಡಿದುದನ್ನು ಈಗ ಕ್ರಮವಾಗಿ ಹೇಳಬೇಕು. ಆಕಾಶವಾಣಿಯಲ್ಲಿ ಕೈ ತೋರಿಸಿ ಫಲವಿಲ್ಲವಾದುದರಿಂದ, ನಿಮ್ಮ ಎದುರಿಗೆ ಒಂದು ಮೋಟಾರು ಸೈಕಲ್ಲು ಎಡಕ್ಕೆ ಉರುಳಿ ಬಿದ್ದಿದೆ ಎಂದು ಭಾವಿಸಿಕೊಳ್ಳಿ. ಅದರ ಗಾಲಿಗಳು ಆಚೆ, ಆಸನವೂ ಹಿಡಿಗಳೂ ನಿಮ್ಮ ಕಡೆಗೆ.

ಎಲ್ಲಕ್ಕೂ ಮೊದಲು ನಿಮ್ಮ ಕೈಕಾಲುಗಳನ್ನು ನೋಡಿಕೊಳ್ಳಿ. ಬಿದ್ದ ಭರದಲ್ಲಿ ನೋವು ತಿಳಿಯದು. ಬರುತ್ತಿರುವ ವಾಹನಗಳಿದ್ದರೆ ರಸ್ತೆಯಿಂದ ನೀವು ಈಚೆಗೆ ಬನ್ನಿ. ಗಾಡಿ ಅಲ್ಲಿಯೇ ಇರಲಿ. ಬಳಿಕ ಎಂಜಿನ್ನನ್ನು ಆರಿಸಿ. ಮಲಗಿದ ಎಂಜಿನ್ನಿನಲ್ಲಿ ಎಣ್ಣೆ ಒಂದು ಕಡೆಗೆ ಸರಿದು, ಬೇಕಾದೆಡೆಗೆ ಹೋಗದೆ ಇರಬಹುದು. ಈಚಿನ ಗಾಡಿಗಳಲ್ಲಿ ಉರುಳಿದೊಡನೆ ತಾನೇ ಆರುವ ಏರ್ಪಾಡು ಉಂಟು. ಇದ್ದರೂ ಕೀಲಿಯನ್ನು ತಿರುಗಿಸುವುದೇ ಲೇಸು. ಹಳೆಯ ಗಾಡಿಯಾದರೆ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ. ಹತ್ತಿರ ಬೀಡಿ ಸೇದುವವರಿದ್ದರೆ ವಿನಯವಾಗಿ ದೂರ ಕಳುಹಿಸಿ. ಗಾಡಿಯ ಮೇಲೆ ಗಂಟುಮೂಟೆಗಳಿದ್ದರೆ ಬಿಚ್ಚಿ ಕೆಳಗಿಡಿ. 1952ರಲ್ಲಿ ಎರ್ನೆಸ್ಟೊ ಗೆವಾರನೂ ಅವನ ಗೆಳೆಯ ಗ್ರನಾದೊನೂ ದಕ್ಷಿಣ ಅಮೆರಿಕವನ್ನು ಸುತ್ತಹೊರಟ ನಾರ್ಟನ್ ಮೋಟಾರು ಸೈಕಲ್ಲಿಗೆ ಬಲಶಾಲಿ ಎಂಬ ಅರ್ಥದ ಹೆಸರನ್ನಿಟ್ಟಿದ್ದರು. ಆ ಬಲಶಾಲಿಯು ಹೊರೆ ಹೊತ್ತು ಪದೇ ಪದೇ ಉರುಳಿ, ಚಿಲಿ ದೇಶದಲ್ಲಿ ಪೂರ್ತಿಯಾಗಿ ಕೈಬಿಟ್ಟಿತು.

ಇನ್ನು ಗಾಡಿಯು ಉರುಳದಂತೆ ಒಂದನೆಯ ಗೇರಿಗೆ ಹಾಕಬೇಕು. ಗೇರಿನ ಸಲಾಕೆ ಎಡಕ್ಕಿರುವುದರಿಂದ, ಎಡಕ್ಕೆ ಬಿದ್ದ ಗಾಡಿಯಲ್ಲಿ ಅದು ಅಡಿಗೆ ಸಿಕ್ಕಿರಬಹುದು. ಆಗ ಮುಂದಿನ ಬ್ರೇಕಿನ ಹಿಡಿಯನ್ನು ಒಂದು ಹುರಿಯಿಂದಲೋ ಕರವಸ್ತ್ರದಿಂದಲೋ ಬಿಗಿದು ಕಟ್ಟಿದರೆ ಸಾಕು. ಬಲಕ್ಕೆ ಬಿದ್ದ ಗಾಡಿಯಾದರೆ ಒಂದು ಸೌಕರ್ಯವುಂಟು. ಊರುಗೋಲು ಇರುವುದು ಎಡಕ್ಕೆ; ಅದು ಈಗ ಮೇಲ್ಗಡೆಯಲ್ಲಿರುತ್ತದೆ. ಎತ್ತುವುದಕ್ಕೆ ಮುಂಚೆಯೇ ಅದನ್ನು ಬಿಚ್ಚಿಟ್ಟುಬಿಡಬೇಕು. ಇದನ್ನು ಮರೆತವರು ಒಂದು ಕಡೆಯಿಂದ ಎತ್ತಿದ ಗಾಡಿಯನ್ನು ಇನ್ನೊಂದು ಕಡೆಗೆ ಕೆಡವಿ, ಎರಡು ಪಕ್ಕವನ್ನೂ ಸಮನಾಗಿ ಕೆಡಿಸಿಕೊಳ್ಳುತ್ತಾರೆ.

ಮುಂಗಾಲಿಯನ್ನು ಬಿದ್ದ ಕಡೆಗೇ ಪೂರ್ತಿಯಾಗಿ ತಿರುಗಿಸಿ. ಆಗ ಕೆಳಗಿನ ಹಿಡಿ ಆಸನದ ಸಮೀಪಕ್ಕೆ ಬರುತ್ತದೆ. ಈಗ ಗಾಡಿಗೆ ಬೆನ್ನುಮಾಡಿ, ಆಸನದ ಅಂಚಿಗೆ ನಿಮ್ಮ ಪೃಷ್ಠಭಾಗ ಒತ್ತುವಂತೆ ಕುಕ್ಕರಿಸಿ. ಎಡಕ್ಕೆ ಬಿದ್ದ ಗಾಡಿಯಾದುದರಿಂದ ನಿಮ್ಮ ಬಲಗೈ ಹಿಡಿಯ ಮೇಲೆ ಬರುತ್ತದೆ. ಎಡಗೈ ಹಿಂದಿನ ಸವಾರನು ಹಿಡಿದುಕೊಳ್ಳುವ ಕಂಬಿಯನ್ನೋ ಚೌಕಟ್ಟಿನ ಗಟ್ಟಿಯಾದ ಭಾಗವನ್ನೋ ಹಿಡಿಯಲಿ. ದೀಪ, ಕನ್ನಡಿ, ಪ್ಲಾಸ್ಟಿಕ್ಕು, ಕೊಳವೆ ಇವುಗಳಿಗೆ ಕೈಹಾಕಬೇಡಿ; ಮೊದಲಿನವು ಮುರಿಯುತ್ತವೆ, ಕೊನೆಯದು ಸುಡುತ್ತದೆ. ಕೈಗಳು ನೀಡಿದಂತೆಯೇ ಇರಲಿ. ಬೆನ್ನು ನೆಟ್ಟಗಿರಲಿ, ತಲೆ ಎತ್ತಿರಲಿ. ಆಮೇಲೆ ಕಾಲುಗಳಿಂದ ನೆಲವನ್ನು ಒತ್ತುತ್ತ, ಗಾಡಿಯನ್ನು ಹಿಂದಕ್ಕೆ ತಳ್ಳುತ್ತ, ಅಂಗುಲ ಅಂಗುಲವಾಗಿ ಹಿಂದಕ್ಕೆ ಹೆಜ್ಜೆಯಿಡಿ. ಸೆಳೆತವಿಲ್ಲ, ಜಗ್ಗಾಟವಿಲ್ಲ; ಸುಮ್ಮನೆ ಹಿಂದಕ್ಕೆ ನಡೆಯುವುದು.

ನಾನು ಅವನೆದುರಿಗೇ ಪ್ರಯತ್ನಿಸಿದೆನು. ಮೊದಲ ಸಲ ಆಗಲಿಲ್ಲ. ಕೈಗಳಿಂದ ಎತ್ತುವ ಹಳೆಯ ಚಟ ಬಿಟ್ಟಿರಲಿಲ್ಲ. “ಕೈ ಹಗ್ಗ ಇದ್ದ ಹಾಗೆ. ಹಗ್ಗ ಎಲ್ಲಾದರೂ ಎತ್ತುತ್ತದೆಯೇ?” ಎಂದನು. ಎರಡನೆಯ ಸಲ ಗಾಡಿ ಎದ್ದಿತು.

ಇಲ್ಲಿ ಅಧ್ಯಾಪಕನು ಸ್ವಲ್ಪ ಮೂಗು ತೂರಿಸಲು ಅಪ್ಪಣೆ ಬೇಡುತ್ತಾನೆ. ಬಿದ್ದ ಗಾಡಿಯನ್ನು ಎತ್ತುವವನು ಅದರ ಪೂರ್ತಿ ತೂಕವನ್ನು ಎತ್ತುವುದಿಲ್ಲ. ಒಂದು ಅಂಚನ್ನು ಮಾತ್ರ ಎತ್ತುತ್ತಾನೆ, ಉಳಿದುದನ್ನು ಗಾಲಿಗಳ ಮೂಲಕ ನೆಲವೇ ಹೊರುತ್ತದೆ. ಲೆಕ್ಕದ ಅನುಕೂಲಕ್ಕಾಗಿ, ಗಾಲಿಗಳು ನೆಲ ಮುಟ್ಟುವ ಗೆರೆಯಿಂದ ಗುರುತ್ವಕೇಂದ್ರ ಅರ್ಧ ಮೀಟರು, ಹಿಡಿ ಒಂದು ಮೀಟರು ದೂರವಿದೆಯೆಂದು ಇಟ್ಟುಕೊಳ್ಳೋಣ. ಗಾಡಿಯು ನೆಲಕ್ಕೆ 20 ಡಿಗ್ರಿ ಕೋನದಲ್ಲಿ ಮಲಗಿದ್ದಾಗ ಹಿಡಿಯಲ್ಲಿ ಬೇಕಾದ ಬಲ ಸುಮಾರು 92 ಕಿಲೋಗ್ರಾಂ ತೂಕದಷ್ಟು. 45 ಡಿಗ್ರಿಗೆ ಬಂದಾಗ 69. 70 ಡಿಗ್ರಿಯಲ್ಲಿ 33. ನೆಟ್ಟಗೆ ನಿಂತಾಗ ಸೊನ್ನೆ. ಎಂದರೆ, ಅತ್ಯಂತ ಕಷ್ಟವಾದುದು ಮೊದಲ ಗೇಣು. ನಾವು ಸೋಲುವುದೂ ಅಲ್ಲಿಯೇ, ಬೆನ್ನು ಮುರಿದುಕೊಳ್ಳುವುದೂ ಅಲ್ಲಿಯೇ. ಅದನ್ನು ದಾಟಿದವನಿಗೆ ಹೆಜ್ಜೆ ಹೆಜ್ಜೆಗೂ ಭಾರ ಇಳಿಯುತ್ತ ಹೋಗುತ್ತದೆ.

ಬೆನ್ನುಕೊಟ್ಟು ಎತ್ತಿದರೆ ಈ ಲೆಕ್ಕ ಬದಲಾಗುವುದೆ? ಇಲ್ಲ. ಆಸನವು ಹಿಡಿಗಿಂತ ಗಾಲಿಗಳಿಗೆ ಹತ್ತಿರವಾದುದರಿಂದ ಅಲ್ಲಿ ತಳ್ಳಲು ತುಸು ಹೆಚ್ಚು ಬಲವೇ ಬೇಕು. ಲಾಭವಿರುವುದು ಬೇರೆ ಕಡೆ. ಬಗ್ಗಿ ನಿಂತು ಎತ್ತುವವನ ಕೈಯಲ್ಲಿರುವ ಭಾರ ಅವನ ಸೊಂಟದ ಕೀಲಿನಿಂದ 40 ಸೆಂಟಿಮೀಟರು ಮುಂದಿರಬಹುದು. ಅದನ್ನು ತಡೆದು ಹಿಡಿಯುವ ಬೆನ್ನಿನ ಸ್ನಾಯುಗಳು ಆ ಕೀಲಿನಿಂದ ಸುಮಾರು 5 ಸೆಂಟಿಮೀಟರು ಹಿಂದೆ ಮಾತ್ರ ಇವೆ. ಸನ್ನೆಯ ತತ್ತ್ವವೇ ಇದು. ಆದರೆ ನಮ್ಮ ಮೇಲೆಯೇ ತಿರುಗಿದ ಸನ್ನೆ. ಕೈಯಲ್ಲಿರುವ ಭಾರದ ಎಂಟುಪಾಲನ್ನು ಆ ಸ್ನಾಯುಗಳು ಎಳೆಯಬೇಕು, ಅಷ್ಟೇ ಒತ್ತಡವನ್ನು ಬೆನ್ನೆಲುಬಿನ ಬಿಲ್ಲೆಗಳು ತಾಳಬೇಕು. 92ನ್ನು ಎಂಟರಿಂದ ಗುಣಿಸಿ ನೋಡಿ. ಅದರ ಮೇಲೆ ಮೈಯನ್ನು ತಿರುಚಿದುದನ್ನೂ ಸೇರಿಸಿಕೊಳ್ಳಿ. ನನ್ನ ಹುರಿ ಕಿತ್ತುಹೋದುದರಲ್ಲಿ ಆಶ್ಚರ್ಯವೇನು? ಬೆನ್ನು ನೆಟ್ಟಗಿದ್ದು ಭಾರವು ಸೊಂಟಕ್ಕೆ ಒತ್ತಿಕೊಂಡೇ ಇದ್ದರೆ ಆ 40 ಸೆಂಟಿಮೀಟರಿನ ಹೆಚ್ಚುಪಾಲು ಇಲ್ಲವಾಗುತ್ತದೆ. ಹೊರುವ ಕೆಲಸ ತೊಡೆಗಳಿಗೆ ಬರುತ್ತದೆ. ಶರೀರದ ಅತಿ ದೊಡ್ಡ ಸ್ನಾಯುಗಳಿರುವುದು ತೊಡೆ ಪೃಷ್ಠಗಳಲ್ಲಿ. ದಿನವೂ ನಮ್ಮನ್ನು ಕುರ್ಚಿಯಿಂದ ಎಬ್ಬಿಸುವುದು ಅವೇ.

ನೆಲದ ಗುಣವನ್ನೂ ನೋಡಬೇಕು. ನೀವು ಹಿಂದಕ್ಕೆ ಒತ್ತುವಾಗ ಗಾಲಿಗಳು ಆಚೆಗೆ ಜಾರಿಕೊಂಡು ಹೋಗಲು ಹವಣಿಸುತ್ತವೆ. ನುಣುಪಾದ ನೆಲವಾದರೆ ಅವುಗಳ ಆಚೆಬದಿಗೆ ಕಲ್ಲನ್ನೋ ಇಟ್ಟಿಗೆಯನ್ನೋ ಇಡಬೇಕು. ನಿಮ್ಮ ಕಾಲಡಿಯ ಎಲೆ, ಜಲ್ಲಿ, ಕೆಸರನ್ನು ಪಾದರಕ್ಷೆಯಿಂದ ಕೆರೆದುಹಾಕಬೇಕು. ಮಲೆನಾಡಿನ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಚುರಸ್ತೆಗಳನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಇಳಿಜಾರಿನಲ್ಲಿ ಬಿದ್ದ ಗಾಡಿಯ ಸಮಸ್ಯೆ ಬೇರೆ. ಗಾಲಿಗಳು ಮೇಲೆ, ಹಿಡಿಗಳು ಕೆಳಗೆ ಆಗುವಂತೆ ಬಿದ್ದಿದ್ದರೆ ಭೀಮನೂ ಒಬ್ಬನೇ ಎತ್ತಲಾರ. ಅದನ್ನು ಎತ್ತಲೇ ಹೋಗಬಾರದು. ಮಲಗಿದ್ದಂತೆಯೇ, ಎಂಜಿನ್ನಿನ ರಕ್ಷೆಯ ಕಂಬಿಯ ಮೇಲೆ ಗಡಿಯಾರದ ಮುಳ್ಳಿನ ಹಾಗೆ ಎಳೆದು ತಿರುಗಿಸಿ, ಗಾಲಿಗಳನ್ನು ತಗ್ಗಿನ ಕಡೆಗೆ ತರಬೇಕು. ಬಣ್ಣ ಕೆರೆದುಹೋಗುತ್ತದೆ, ಹೋಗಲಿ. ಆಗ ಇಳಿಜಾರೇ ಅರ್ಧ ಎತ್ತಿಕೊಟ್ಟಂತಾಗುತ್ತದೆ.

ಗಾಡಿ ಎದ್ದಿತು ಎಂದೊಡನೆ ಕೆಲಸ ಮುಗಿಯಲಿಲ್ಲ. ಕೊನೆಯ ಎರಡು ಹೆಜ್ಜೆಗಳನ್ನು ಬಹು ನಿಧಾನವಾಗಿ ಇಡಬೇಕು, ಏಕೆಂದರೆ ಬೇಕಾದ ಬಲ ಸೊನ್ನೆಗೆ ಇಳಿದಿರುತ್ತದೆ, ನಿಮ್ಮ ಉತ್ಸಾಹ ಇಳಿದಿರುವುದಿಲ್ಲ. ಪೃಷ್ಠವನ್ನು ಆಸನಕ್ಕೆ ಒತ್ತಿಕೊಂಡೇ ಇದ್ದು, ಹಿಮ್ಮಡಿಯಿಂದ ಊರುಗೋಲನ್ನು ತಡಕಿ ಬಿಚ್ಚಿ, ಅದರ ಮೇಲೆ ಭಾರ ಬಿಟ್ಟು, ಆಮೇಲೆ ತಿರುಗಿ ನೋಡಬೇಕು. ಕೂಡಲೇ ಚಾಲೂ ಮಾಡಬೇಡಿ. ನೆಲಕ್ಕೆ ಸೋರಿದ ಪೆಟ್ರೋಲು ಆರಲಿ, ಎಣ್ಣೆ ತನ್ನ ತಾಣಕ್ಕೆ ಇಳಿಯಲಿ. ಬ್ರೇಕಿನ ಹಿಡಿ, ಕ್ಲಚ್ಚಿನ ಹಿಡಿ ಬಾಗಿವೆಯೇ, ವೇಗದ ಹಿಡಿ ತಿರುಗಿಸಿ ಬಿಟ್ಟರೆ ತಾನಾಗಿ ಹಿಂದಕ್ಕೆ ಬರುವುದೇ ಎಂದು ನೋಡಿ. ಈ ಕಡೆಯದನ್ನು ಯಾರೂ ನೋಡುವುದಿಲ್ಲ. ಮಣ್ಣು ಸಿಕ್ಕಿ ಬಿಗಿದ ವೇಗದ ಹಿಡಿಯು ಮೊದಲನೆಯ ಬೀಳಿಗಿಂತ ಕೆಟ್ಟದಾದ ಎರಡನೆಯ ಬೀಳನ್ನು ತರಬಲ್ಲುದು. ಆರಂಭದಲ್ಲಿ ಸ್ವಲ್ಪ ಹೊಗೆ ಬಂದರೆ ಗಾಬರಿಯಾಗಬೇಕಾದುದಿಲ್ಲ.

ನೆರವಿಗೆ ಬರುವವರ ವಿಚಾರವಾಗಿ ಒಂದು ಮಾತು. ನಮ್ಮ ಜನ ಪರೋಪಕಾರಿಗಳು. ಗಾಡಿ ಬಿದ್ದರೆ ಹತ್ತು ಜನ ಓಡಿಬರುತ್ತಾರೆ, ಹತ್ತು ಜನರೂ ಹತ್ತು ಕಡೆಗೆ ಎಳೆಯುತ್ತಾರೆ. ಒಬ್ಬನು ಹಿಡಿಗೆ, ಒಬ್ಬನು ಹಿಂಬದಿಗೆ, ಇಬ್ಬರೂ ಒಂದೇ ಪಕ್ಕದಲ್ಲಿ. ಮೂರನೆಯವನು ಆಚೆಬದಿಯಲ್ಲಿ ನಿಂತು ಗಾಡಿ ಮೀರಿ ಬಾರದಂತೆ ತಡೆಯಲಿ. ಇಷ್ಟನ್ನು ಬಿದ್ದವನೇ ಹೇಳಬೇಕು. ಸವಾರನ ಕಾಲು ಅಡಿಯಲ್ಲಿ ಸಿಕ್ಕಿದ್ದರೆ ಮಾತ್ರ ಈ ಶಾಸ್ತ್ರವೊಂದೂ ಬೇಡ. ಎಷ್ಟು ಜನರಿದ್ದರೆ ಅಷ್ಟು ಜನ ಎತ್ತಿ ಕಾಲನ್ನು ಬಿಡಿಸಬೇಕು, ಬಿಸಿ ಕೊಳವೆ ಕಾಯುತ್ತ ಕೂರುವುದಿಲ್ಲ. ಒಂಟಿಯಾಗಿ ಎತ್ತಕೂಡದವರೂ ಉಂಟು: ಹಿಂದೆ ಬೆನ್ನು ನೊಂದವರು, ಮಂಡಿ ಕೆಟ್ಟವರು, ಹೃದಯದ ಬೇನೆಯವರು, ಗರ್ಭಿಣಿಯರು. ಬೇಸಿಗೆಯಲ್ಲಿ ನಮ್ಮ ತರುಣರು ಲಡಾಖಿಗೆ ಸವಾರಿ ಹೋಗುತ್ತಾರೆ. ಅಲ್ಲಿನ ಖಾರ್ದುಂಗ್ ಲಾ ಕಣಿವೆಯ ಎತ್ತರ 5,300 ಮೀಟರನ್ನು ಮೀರಿದೆ; ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಅರ್ಧ. ಅಲ್ಲಿ ಬಿದ್ದ ಗಾಡಿಯನ್ನು ಎತ್ತುವ ಮೊದಲು ಐದು ನಿಮಿಷ ಕಲ್ಲಿನ ಮೇಲೆ ಕುಳಿತರೆ ಪೌರುಷಕ್ಕೆ ಕುಂದಿಲ್ಲ.

ಪೌರುಷವೆಂದ ಮೇಲೆ ಇನ್ನೊಂದು ನೆನಪಾಗುತ್ತದೆ. ನನ್ನ ಮಗಳಿಗೆ ಹತ್ತೊಂಬತ್ತು ವರ್ಷ. ತಾನೂ ಬುಲೆಟ್ಟನ್ನು ಕಲಿಯುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರೂ ಆಡಿದ ಮಾತು ಒಂದೇ: “ಬಿದ್ದರೆ ನೀನು ಎತ್ತುತ್ತೀಯಾ?” ನಾನೂ ಅದನ್ನೇ ಕೇಳಿದೆನು, ನನಗೆ ಆ ಪ್ರಶ್ನೆಯನ್ನು ಕೇಳುವ ಹಕ್ಕು ಎಷ್ಟಿತ್ತೆಂಬುದು ನಿಮಗೆ ಗೊತ್ತಾಗಿದೆ. ಹೆಂಗಸರನ್ನು ದೊಡ್ಡ ಗಾಡಿಯಿಂದ ದೂರವಿಡಲು ಈ ಪ್ರಶ್ನೆ ಎಲ್ಲೆಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಕೇಳಬಾರದ ಪ್ರಶ್ನೆಯೇನೂ ಅಲ್ಲ, ಆದರೆ ಅದನ್ನು ಗಂಡಸರಿಗೂ ಕೇಳಬೇಕಾದುದು ನ್ಯಾಯ. ಜಪಾನಿನ ಚಾಲನಾಶಾಲೆಗಳಲ್ಲಿ ಮೋಟಾರು ಸೈಕಲ್ಲು ಕಲಿಯಬಂದವರಿಗೆ, ಗಂಡಾಗಲಿ ಹೆಣ್ಣಾಗಲಿ, ಬಿದ್ದ ಗಾಡಿಯನ್ನು ಎತ್ತುವುದನ್ನು ಆರಂಭದ ಪಾಠಗಳಲ್ಲಿಯೇ ಕಲಿಸುತ್ತಾರೆ. ನಮ್ಮಲ್ಲಿ ಎಂಟರ ಅಂಕೆಯ ಆಕಾರದಲ್ಲಿ ಕಾಲೂರದೆ ಓಡಿಸಿ ತೋರಿಸಿದವನಿಗೆ ಲೈಸೆನ್ಸು ಸಿಗುತ್ತದೆ; ಎತ್ತಿ ತೋರಿಸು ಎನ್ನುವವರಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮನೆಯ ಅಂಗಳದಲ್ಲಿ ಗೋಣಿಚೀಲವನ್ನು ಹಾಸಿ ಗಾಡಿಯನ್ನು ಮಲಗಿಸಿದೆನು. ಮಗಳ ತೂಕ 52 ಕಿಲೋಗ್ರಾಂ. ತಂದೆಯವರು ಜಗುಲಿಯ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಮೊದಲ ಸಲ ಅವಳ ಕಾಲು ಜಾರಿತು. ಎರಡನೆಯ ಸಲ ಗಾಡಿ ಅರ್ಧ ಎದ್ದು ನಿಂತಿತು. ಅವಳು ಹೆದರಿ ಮೆಲ್ಲನೆ ಕೆಳಗಿಳಿಸಿದಳು. ನಾನು ಗುರುತ್ವಕೇಂದ್ರದ ವಿಚಾರವನ್ನು ಹೇಳಲು ಆರಂಭಿಸಿದೆನು. ತಂದೆಯವರು ಕೈಸನ್ನೆಯಿಂದ ನನ್ನ ಬಾಯಿ ಮುಚ್ಚಿಸಿ, ಮೊಮ್ಮಗಳಿಗೆ ಹೇಳಿದರು: “ಇನ್ನೂ ಕೆಳಗೆ ಕೂತುಕೋ. ಕೆಸರಿನಲ್ಲಿ ಹೂತ ಗಾಡಿಗೆ ಬೆನ್ನು ಕೊಡುವಾಗ ಹೇಗೆ ಕೂರುತ್ತಾರೋ ಹಾಗೆ. ನೆಲ ನೋಡಬೇಡ, ಬೀದಿ ನೋಡು.”

ನನಗೆ ಬೆರಗಾಯಿತು. ಅವರು 1972ರಲ್ಲಿ ಒಂದು ಜಾವ ಕೊಂಡಿದ್ದರು. ನಾನು ಹುಡುಗನಾಗಿದ್ದಾಗ ಅದರ ಟ್ಯಾಂಕಿನ ಮೇಲೆ ಕುಳಿತು ಊರಿಗೆ ಹೋಗುತ್ತಿದ್ದೆನು. ಅದು ಬುಲೆಟ್ಟಿಗಿಂತ ಹಗುರವಾದ ಗಾಡಿ. ಆದರೂ ಹಳ್ಳಿಯ ದಾರಿಯಲ್ಲಿ ಅದು ಎಷ್ಟು ಸಲ ಉರುಳಿತೋ, ಅವರು ಎಷ್ಟು ಸಲ ಎತ್ತಿದರೋ, ಒಂದು ದಿನವೂ ಹೇಳಿದವರಲ್ಲ. “ನೀವು ಇದನ್ನು ನನಗೆ ಯಾಕೆ ಹೇಳಲಿಲ್ಲ?” ಎಂದು ಕೇಳಿದೆನು. “ನೀನು ಬಿದ್ದುದನ್ನು ನೀನು ನನಗೆ ಹೇಳಿದೆಯೇನು? ಬೆನ್ನು ಹಿಡಿದುಕೊಂಡಿದೆ ಎಂದೆ, ಅಷ್ಟೆ” ಎಂದರು.

ಅಷ್ಟರಲ್ಲಿ ಮಗಳು ಮೂರನೆಯ ಸಲ ಕುಕ್ಕರಿಸಿದ್ದಳು. ತಂದೆಯವರು ಕುರ್ಚಿಯ ಕೈಮೇಲೆ ಬೆರಳಿನಿಂದ ತಟ್ಟುತ್ತ ಅವಳ ಹೆಜ್ಜೆಗಳನ್ನು ಎಣಿಸತೊಡಗಿದರು. ಹನ್ನೊಂದನೆಯ ಹೆಜ್ಜೆಗೆ ಗಾಡಿ ನೆಟ್ಟಗೆ ನಿಂತಿತು. ಅವಳು ಹಿಮ್ಮಡಿಯಿಂದ ಊರುಗೋಲನ್ನು ತಡಕುತ್ತಿದ್ದಾಗ ನಾನು ಆಚೆಬದಿಗೆ ಹೋಗಿ ಕೈಯೊಡ್ಡಿ ನಿಂತಿದ್ದೆನು, ಅವಶ್ಯವಾಗಲಿಲ್ಲ.